ಮೈಲೋಮಾ ಎರಡನೇ ಸಲ ಮರುಕಳಿಸಿದೆ: ಕ್ಲಿನಿಕಲ್ ಟ್ರಯಲ್‌ಗೆ ಸೇರುವ ಮುಂಚೆ ಏನೇನು ನೋಡಿಕೊಳ್ಳಬೇಕು?

ತುಂಗಾತೀರ:

ರೋಗಿ ನಮ್ಮ ದೊಡ್ಡಪ್ಪ. ವಯಸ್ಸು 60, ತೂಕ 60 ಕೆಜಿ, ಊರು ಶಿವಮೊಗ್ಗದ ಹತ್ತಿರ. ಮಲ್ಟಿಪಲ್ ಮೈಲೋಮಾ (ಮೂಳೆ ಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್), ಐಜಿಜಿ ಕಪ್ಪಾ ಬಗೆ. ಮೊದಲು ಬೋರ್ಟೆಜೊಮಿಬ್, ಲೆನಲಿಡೊಮೈಡ್, ಡೆಕ್ಸಾ (ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್) 4 ಸೈಕಲ್. ಆಮೇಲೆ ಆಟೊಲೋಗಸ್ ಟ್ರಾನ್ಸ್‌ಪ್ಲಾಂಟ್ (ಅವರದೇ ಕಾಂಡಕೋಶಗಳ ಕಸಿ). ಆಮೇಲೆ ಲೆನಲಿಡೊಮೈಡ್ 10 ಮಿ.ಗ್ರಾಂ. ಆ ಮಾತ್ರೆ ನಡೆಯುತ್ತಿರುವಾಗಲೇ ಕಾಯಿಲೆ ತಿರುಗಿ ಬಂತು. ನಂತರ ಡಾರಾಟುಮುಮ್ಯಾಬ್, ಪೊಮಲಿಡೊಮೈಡ್, ಡೆಕ್ಸಾ. ಅದರಲ್ಲಿ ಎಂ ಪ್ರೋಟೀನ್ (ಮೈಲೋಮಾ ಕೋಶಗಳು ರಕ್ತಕ್ಕೆ ಬಿಡುವ ಪ್ರೋಟೀನ್) 0.4 ಗ್ರಾಂ/ಡಿಎಲ್‌ವರೆಗೆ ಇಳಿದಿತ್ತು, ಈಗ 0.9ಕ್ಕೆ ಬಂದಿದೆ. ಆ ಪ್ರೋಟೀನಿನ ತುಂಡುಗಳಾದ ಲೈಟ್ ಚೈನ್‌ಗಳಲ್ಲಿ ಕಪ್ಪಾ 142, ಲ್ಯಾಂಬ್ಡಾ 9, ಎರಡೂ ಮಿ.ಗ್ರಾಂ/ಲೀಟರ್. ಕ್ರಿಯಾಟಿನಿನ್ 1.4. ಸೊಂಟ ನೋವಿದೆ, ನಡೆದಾಡುತ್ತಾರೆ.

ಬೆಂಗಳೂರಿನ ಹೆಮಟಾಲಜಿಸ್ಟ್ ಒಂದು ಫೇಸ್ 3 ಟ್ರಯಲ್ ಇದೆ ಎಂದಿದ್ದಾರೆ. ಒಂದು ಗುಂಪಿಗೆ ಹೊಸ ಬೈಸ್ಪೆಸಿಫಿಕ್ ಚುಚ್ಚುಮದ್ದು (ದೇಹದ ಟಿ-ಕೋಶವನ್ನು ಕ್ಯಾನ್ಸರ್ ಕೋಶಕ್ಕೆ ಜೋಡಿಸುವ ಪ್ರತಿಕಾಯ), ಇನ್ನೊಂದಕ್ಕೆ ಈಗಾಗಲೇ ಬಳಕೆಯಲ್ಲಿರುವ ಪಿವಿಡಿ ಅಥವಾ ಕೆಡಿ ಎಂಬ ಔಷಧ ಸಂಯೋಜನೆ. ಸಮ್ಮತಿ ಪತ್ರದ ಕನ್ನಡ ಪ್ರತಿ ಕೊಟ್ಟು ಓದಿಕೊಂಡು ಬನ್ನಿ ಎಂದಿದ್ದಾರೆ. ಈ ಮಧ್ಯೆ ಊರಿನ ಡಾಕ್ಟರು ನೋವಿಗೆ ಡೆಕ್ಸಾ 40 ಮಿ.ಗ್ರಾಂ ಮತ್ತು ಡೈಕ್ಲೊಫೆನಾಕ್ ಶುರು ಮಾಡೋಣ ಎನ್ನುತ್ತಿದ್ದಾರೆ. ಇವರು ಟ್ರಯಲ್‌ಗೆ ಅರ್ಹರಾಗುತ್ತಾರಾ? ಸಹಿ ಹಾಕುವ ಮೊದಲು ಏನು ಕೇಳಬೇಕು? ಖರ್ಚು ಯಾರದು? ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಹೊಣೆ? ಮನೆಯ ಹಿರಿಯರು “ಪ್ರಯೋಗದ ಇಲಿ ಮಾಡ್ತಾರೆ” ಅಂತ ಹೆದರಿ ಕೂತಿದ್ದಾರೆ.

---

ಪ್ಲಾಸ್ಮಾಸೆಲ್:

ಎಲ್ಲಕ್ಕಿಂತ ಮೊದಲು ಆ ಡೆಕ್ಸಾ ವಿಷಯ. ಟ್ರಯಲ್ ತಂಡಕ್ಕೆ ಫೋನ್ ಮಾಡದೆ ಶುರು ಮಾಡಬೇಡಿ. ಬೈಸ್ಪೆಸಿಫಿಕ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ನಿಯಮ ಇದು: ಮೊದಲ ಡೋಸ್‌ಗೆ ಹಿಂದಿನ 14 ದಿನದಲ್ಲಿ ಒಟ್ಟು ಸ್ಟೀರಾಯ್ಡ್ ಪ್ರಮಾಣ ಪ್ರೆಡ್ನಿಸೋನ್ ಲೆಕ್ಕದಲ್ಲಿ 140 ಮಿ.ಗ್ರಾಂ ಮುಟ್ಟಬಾರದು. ಡೆಕ್ಸಾ 0.75 ಮಿ.ಗ್ರಾಂ ಅಂದರೆ ಪ್ರೆಡ್ನಿಸೋನ್ 5 ಮಿ.ಗ್ರಾಂಗೆ ಸಮ. ಹಾಗಾಗಿ ಡೆಕ್ಸಾ 40 ಮಿ.ಗ್ರಾಂ ಒಂದೇ ಒಂದು ಸಲ ತೆಗೆದುಕೊಂಡರೂ ಸುಮಾರು 267 ಆಯಿತು, ಮಿತಿಯ ಹತ್ತಿರ ಹತ್ತಿರ ಎರಡರಷ್ಟು. ದಿನಗಳ ಎಣಿಕೆ ಮತ್ತೆ ಒಂದರಿಂದ ಶುರು. ಡೈಕ್ಲೊಫೆನಾಕ್ ಅಂತೂ ಟ್ರಯಲ್ ಇರಲಿ ಇಲ್ಲದಿರಲಿ ಬೇಡವೇ ಬೇಡ. ಮೈಲೋಮಾದಲ್ಲಿ ಲೈಟ್ ಚೈನ್‌ಗಳಿಂದ ಮೂತ್ರಪಿಂಡದ ನಾಳಗಳು ಮೊದಲೇ ಕಟ್ಟಿಕೊಳ್ಳುತ್ತಿರುತ್ತವೆ, ಈ ಜಾತಿಯ ನೋವು ಮಾತ್ರೆ ಅಲ್ಲಿಗೆ ಹೋಗುವ ರಕ್ತವನ್ನೂ ತಗ್ಗಿಸುತ್ತದೆ. ಪ್ಯಾರಾಸಿಟಮಾಲ್, ಸಾಲದಿದ್ದರೆ ಟ್ರಮಡಾಲ್, ಅದೂ ವೈದ್ಯರ ಮೂಲಕ.

ಆದರೆ ಒಂದು ಅಪವಾದ, ದಯವಿಟ್ಟು ಮನೆಮಂದಿಗೆಲ್ಲ ಹೇಳಿಡಿ. ಕಾಲಿನಲ್ಲಿ ಶಕ್ತಿ ಕಮ್ಮಿಯಾಗುವುದು, ಸೊಂಟದ ಕೆಳಗೆ ಜೋಮು, ಮೂತ್ರ ಕಟ್ಟುವುದು ಅಥವಾ ತಾನಾಗಿ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಅದು ಬೆನ್ನುಹುರಿ ಒತ್ತಡ ಇರಬಹುದು. ಆಗ ಟ್ರಯಲ್ ಲೆಕ್ಕಾಚಾರ ಪಕ್ಕಕ್ಕಿಟ್ಟು ಅದೇ ದಿನ ಎಂಆರ್‌ಐ, ತಕ್ಷಣ ಡೆಕ್ಸಾ. ಟ್ರಯಲ್ ಇನ್ನೊಂದು ಸಿಗಬಹುದು, ಹೋದ ಕಾಲು ಮರಳುವುದು ಕಷ್ಟ.

ಈಗ ಅರ್ಹತೆ. ಹೆಚ್ಚಿನ ಜನ ಎಡವುವುದು “ಲೈನ್”, ಅಂದರೆ ಚಿಕಿತ್ಸೆಯ ಸುತ್ತು, ಎಣಿಸುವಾಗ. ಇಂಡಕ್ಷನ್ (ಮೊದಲ ಔಷಧ ಸೈಕಲ್‌ಗಳು), ಟ್ರಾನ್ಸ್‌ಪ್ಲಾಂಟ್, ಮೇಂಟೆನೆನ್ಸ್ (ಕಾಯಿಲೆ ತಡೆಯಲು ಆಮೇಲೆ ಕೊಡುವ ಮಾತ್ರೆ) ಮೊದಲೇ ಯೋಜಿಸಿ ಮಾಡಿದ್ದಾದರೆ ಮೂರೂ ಸೇರಿ ಒಂದೇ ಲೈನ್. ಕಾಯಿಲೆ ಏರಿತೆಂದೋ ಅಡ್ಡಪರಿಣಾಮದಿಂದಲೋ ಬೇರೆ ಔಷಧ ಸೇರಿಸಿದರೆ ಹೊಸ ಲೈನ್. ಬರೀ ಡೋಸ್ ಇಳಿಸಿದರೆ ಅಲ್ಲ. ಆದ್ದರಿಂದ ದೊಡ್ಡಪ್ಪನವರಿಗೆ ಆಗಿರುವುದು 2 ಲೈನ್, ಮೂರಲ್ಲ. 1ರಿಂದ 3 ಲೈನ್ ಎಂದು ಕೇಳುವ ಟ್ರಯಲ್‌ಗೆ ಸರಿಹೊಂದುತ್ತಾರೆ. ಈಗ ಊರಲ್ಲಿ ಯಾರಾದರೂ “ಸದ್ಯಕ್ಕೆ ಇರಲಿ” ಎಂದು ಸೈಕ್ಲೊಫಾಸ್ಫಮೈಡ್ ಒಂದು ಸೈಕಲ್ ಕೊಟ್ಟರೆ ಅದು ಮೂರನೆಯದಾಗುತ್ತದೆ, ವಾಶ್‌ಔಟ್‌ಗೆ, ಅಂದರೆ ಆ ಔಷಧ ಮೈಯಿಂದ ಇಳಿಯುವವರೆಗೆ ಕಾಯಲು, ವಾರಗಳು ಬೇರೆ. ಟ್ರಯಲ್ ಬಗ್ಗೆ ವಿಚಾರಿಸಬೇಕಾದ ಸರಿಯಾದ ಹೊತ್ತು ಹಳೆಯ ಔಷಧ ಸೋತಿದೆ ಎಂದು ಗೊತ್ತಾದ ಮೇಲೆ, ಮುಂದಿನದು ಶುರುವಾಗುವ ಮುಂಚೆ. ನೀವು ಈಗ ಆ ಹೊತ್ತಿನಲ್ಲೇ ಇದ್ದೀರಿ, ಅದನ್ನು ಕಳೆದುಕೊಳ್ಳಬೇಡಿ.

ಇನ್ನು ನಿಮ್ಮ ಅಂಕಿಗಳು. ಕನಿಷ್ಠ ಮಟ್ಟದಿಂದ ಶೇ 25ರಷ್ಟು ಏರಿಕೆ, ಜೊತೆಗೆ ಕನಿಷ್ಠ 0.5 ಗ್ರಾಂ/ಡಿಎಲ್ ಹೆಚ್ಚಳ ಇದ್ದರೆ ಅದು ಪ್ರೊಗ್ರೆಶನ್, ಅಂದರೆ ಕಾಯಿಲೆ ಏರಿದೆ ಎಂದರ್ಥ. 0.4ರಿಂದ 0.9 ಅಂದರೆ ಗೆರೆಯ ಮೇಲೆ ಸರಿಯಾಗಿ ನಿಂತಿದೆ, ಇನ್ನೊಂದು ಪರೀಕ್ಷೆಯಲ್ಲಿ ದೃಢಪಡಬೇಕು. ಡಾರಾ ನಡೆಯುತ್ತಿರುವಾಗ ಅಥವಾ ಅದರ ಕೊನೆಯ ಡೋಸ್ ಆಗಿ 60 ದಿನದೊಳಗೆ ಏರಿದ್ದರೆ “ಡಾರಾ ರಿಫ್ರಾಕ್ಟರಿ” (ಡಾರಾಗೆ ಮಣಿಯದ ಕಾಯಿಲೆ) ಎನ್ನುತ್ತಾರೆ, ಹಾಗಾಗಿ ಕೊನೆಯ ಡೋಸ್ ತಾರೀಖು ಬಹಳ ಮುಖ್ಯ. “ಅಳೆಯಬಹುದಾದ ಕಾಯಿಲೆ” ಎನ್ನುವುದು ಬೇರೆ ಷರತ್ತು. ಕೆಲವು ಪ್ರೋಟೊಕಾಲ್‌ಗಳಿಗೆ (ಟ್ರಯಲ್‌ನ ನಿಯಮಾವಳಿ) ಎಂ ಪ್ರೋಟೀನ್ 0.5 ಸಾಕು, ಕೆಲವಕ್ಕೆ 1.0 ಬೇಕು. ಎರಡನೆಯ ಬಗೆಯದಾದರೆ 0.9 ಸಾಲದು. ಆಗ ಮೂತ್ರದಲ್ಲಿ 24 ಗಂಟೆಗೆ 200 ಮಿ.ಗ್ರಾಂ ಇದ್ದರೂ ನಡೆಯುತ್ತದೆ. ಲೈಟ್ ಚೈನ್ 10 ಮಿ.ಗ್ರಾಂ/ಡಿಎಲ್ ದಾಟಿ ಅನುಪಾತ ಕೆಟ್ಟಿದ್ದರೆ ಅದನ್ನೂ ಒಪ್ಪುವ ಟ್ರಯಲ್‌ಗಳಿವೆ. ಇಲ್ಲಿ ಯೂನಿಟ್ ಗಮನಿಸಿ: ನಿಮ್ಮ ಲ್ಯಾಬ್ ಕೊಟ್ಟಿರುವುದು ಲೀಟರಿಗೆ, ಪ್ರೋಟೊಕಾಲ್ ಕೇಳುವುದು ಡೆಸಿಲೀಟರಿಗೆ. 142 ಅಂದರೆ 14.2. ಅನುಪಾತ 15.8, ಸಹಜ ಮಿತಿ 0.26ರಿಂದ 1.65. ಆ ದಾರಿ ತೆರೆದಿದೆ. ವರದಿಯಲ್ಲಿ 85 ಎಂದಿದ್ದರೆ 10 ದಾಟಿತು ಎಂದುಕೊಂಡು ಬರುವವರಿದ್ದಾರೆ, ಅದು 8.5 ಮಾತ್ರ.

ಕ್ರಿಯಾಟಿನಿನ್ ನೋಡಿ ಗಾಬರಿ ಬೇಡ. ಬಹುತೇಕ ಟ್ರಯಲ್‌ಗಳು ನೋಡುವುದು ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತವನ್ನು ಶುದ್ಧ ಮಾಡುವ ವೇಗ. 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ: 80 × 60 ÷ 100.8, ಅಂದರೆ ನಿಮಿಷಕ್ಕೆ 47.6 ಮಿ.ಲೀ. ಮಿತಿ ಸಾಮಾನ್ಯವಾಗಿ 30. ಡೈಕ್ಲೊಫೆನಾಕ್ ಒಂದು ವಾರ ನುಂಗಿದರೆ ಈ 47 ಹಾಗೇ ಉಳಿಯುತ್ತದೆ ಎನ್ನುವ ಭರವಸೆ ಇಲ್ಲ.

ಕೊನೆಯ ಹೊತ್ತಿನಲ್ಲಿ ಹೊರಗುಳಿಯುವಂತೆ ಮಾಡುವ ಇನ್ನೊಂದು ಪರೀಕ್ಷೆ ಹೆಪಟೈಟಿಸ್ ಬಿ. ಎಚ್‌ಬಿಎಸ್ ಆಂಟಿಜೆನ್ ನೆಗೆಟಿವ್ ಇದ್ದರೂ ಆಂಟಿ-ಎಚ್‌ಬಿ ಕೋರ್ ಪಾಸಿಟಿವ್ ಬಂದರೆ ಡಿಎನ್‌ಎ ಪರೀಕ್ಷೆ ಕೇಳುತ್ತಾರೆ. ಎರಡನ್ನೂ ಈಗಲೇ ಮಾಡಿಸಿಟ್ಟರೆ ಸ್ಕ್ರೀನಿಂಗ್ ಹೊತ್ತಿನಲ್ಲಿ ದಿನ ಉಳಿಯುತ್ತದೆ.

ಒಂದು ಹಾಳೆಯಲ್ಲಿ ಹೀಗೆ ಬರೆದು ಒಯ್ಯಿರಿ: ಔಷಧ, ಡೋಸ್, ಶುರುವಾದ ದಿನ, ಕೊನೆಯ ಡೋಸ್ ದಿನ, ನಿಲ್ಲಿಸಿದ ಕಾರಣ, ಆಗ ಸಿಕ್ಕ ಅತ್ಯುತ್ತಮ ಪ್ರತಿಕ್ರಿಯೆ, ಮತ್ತೆ ಏರಿದ ದಿನ. ಡಿಸ್ಚಾರ್ಜ್ ಸಮರಿಗಳಲ್ಲಿ ಕೊನೆಯ ಡೋಸ್ ತಾರೀಖು ಇರುವುದೇ ಅಪರೂಪ, ಡೇ ಕೇರ್ ಬಿಲ್‌ಗಳಲ್ಲಿ ಇರುತ್ತದೆ, ಹುಡುಕಿ. ಮೊದಲ ಮಜ್ಜೆ ಪರೀಕ್ಷೆ ಮತ್ತು ಫಿಶ್ (ಕ್ಯಾನ್ಸರ್ ಕೋಶದ ವರ್ಣತಂತು ಪರೀಕ್ಷೆ) ವರದಿಯೂ ಇರಲಿ.

---

ಸಮ್ಮತಿಪತ್ರ:

ಹಣ ಮತ್ತು ಹೊಣೆಗಾರಿಕೆಗೆ ಬರುತ್ತೇನೆ. ಭಾರತದಲ್ಲಿ ಇದಕ್ಕೆಲ್ಲ ಆಧಾರ 2019ರ ಮಾರ್ಚ್ 19ರಂದು ಬಂದ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ನಿಯಮಗಳು. ಹಿರಿಯರ ಭಯವನ್ನು ತಳ್ಳಿಹಾಕಬೇಡಿ. ಹಿಂದೆ ಸಮ್ಮತಿ ಸರಿಯಾಗಿ ಪಡೆಯದ, ಸತ್ತವರಿಗೆ ಪರಿಹಾರ ಸಿಗದ ಪ್ರಕರಣಗಳು ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೇ ಈ ನಿಯಮಗಳು ಬಿಗಿಯಾದದ್ದು. ಆದ್ದರಿಂದ ಅವರ ಮುಂದೆ ಈ ಅಂಶಗಳನ್ನು ಒಂದೊಂದಾಗಿ ಇಡಿ.

ಟ್ರಯಲ್‌ನಿಂದ ಗಾಯ ಅಥವಾ ತೊಂದರೆಯಾದರೆ ಚಿಕಿತ್ಸೆ ಉಚಿತ. ವೈದ್ಯರ ಅಭಿಪ್ರಾಯದಂತೆ ಬೇಕಾದಷ್ಟು ಕಾಲ, ಅಥವಾ ಅದು ಟ್ರಯಲ್‌ಗೆ ಸಂಬಂಧಿಸಿದ್ದಲ್ಲ ಎಂದು ಸಾಬೀತಾಗುವವರೆಗೆ. ಅಂದರೆ ಸಂಬಂಧವಿದೆ ಎಂದು ರೋಗಿ ಮೊದಲು ತೋರಿಸಬೇಕಿಲ್ಲ. ಗಂಭೀರ ಅಡ್ಡಪರಿಣಾಮವಾದ 24 ಗಂಟೆಯೊಳಗೆ ತನಿಖಾ ವೈದ್ಯರು ಕೇಂದ್ರದ ಔಷಧ ನಿಯಂತ್ರಕರಿಗೆ, ಪ್ರಾಯೋಜಕರಿಗೆ (ಟ್ರಯಲ್ ನಡೆಸುವ ಕಂಪನಿ), ಎಥಿಕ್ಸ್ ಕಮಿಟಿಗೆ (ರೋಗಿಗಳ ಹಿತ ಕಾಯುವ ಸಮಿತಿ) ತಿಳಿಸಬೇಕು. 14 ದಿನದೊಳಗೆ ವಿಶ್ಲೇಷಣೆ ಸಲ್ಲಬೇಕು, 30 ದಿನದೊಳಗೆ ಎಥಿಕ್ಸ್ ಕಮಿಟಿಯ ಅಭಿಪ್ರಾಯ. ಪರಿಹಾರದ ಆದೇಶವಾದರೆ 30 ದಿನದೊಳಗೆ ಪಾವತಿ.

ಸಾವಿನ ಪರಿಹಾರಕ್ಕೆ ಸೂತ್ರವೇ ಇದೆ: ಮೂಲ ಮೊತ್ತ 8 ಲಕ್ಷ × ವಯಸ್ಸಿನ ಅಂಶ × ಅಪಾಯದ ಅಂಶ ÷ 99.37. 60 ವರ್ಷಕ್ಕೆ ವಯಸ್ಸಿನ ಅಂಶ 117.41. ಅಪಾಯದ ಅಂಶ 0.5ರಿಂದ 4ರವರೆಗೆ, ಟ್ರಯಲ್ ಇಲ್ಲದಿದ್ದರೂ 6 ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆ ಇಲ್ಲದವರಿಗೆ 0.5, 6ರಿಂದ 24 ತಿಂಗಳಾದರೆ 1, ಆರೋಗ್ಯವಂತ ಸ್ವಯಂಸೇವಕರಿಗೆ 4. ದೊಡ್ಡಪ್ಪನವರಿಗೆ ಅಂಶ 1 ಎಂದರೆ ಸುಮಾರು 9.45 ಲಕ್ಷ, 2 ಎಂದರೆ 18.9 ಲಕ್ಷ. ಸೇರುವ ದಿನ ಅವರು ಎಷ್ಟು ಗಟ್ಟಿಯಾಗಿದ್ದರು ಎನ್ನುವುದರ ಮೇಲೆ ಈ ಅಂಶ ನಿಲ್ಲುತ್ತದೆ. ಆದ್ದರಿಂದ ಆ ದಿನದ ಒಪಿಡಿ ಟಿಪ್ಪಣಿ, ಇಕಾಗ್ ಅಂಕ (ರೋಗಿ ಎಷ್ಟು ಓಡಾಡಬಲ್ಲರು ಎನ್ನುವ ಅಳತೆ) ಇರುವ ಹಾಳೆಗಳ ಪ್ರತಿ ಮನೆಯಲ್ಲಿರಲಿ. ಕಾಯಿಲೆಯೇ ಏರಿ ಸಾವು ಬಂದರೆ ಸಾಮಾನ್ಯವಾಗಿ ಇದು ಅನ್ವಯಿಸದು. ಇದ್ದ ಸರಿಯಾದ ಚಿಕಿತ್ಸೆ ಕೊಡದೆ ಹೊಸ ಔಷಧ ವಿಫಲವಾಗಿದ್ದರೆ ಅನ್ವಯಿಸುತ್ತದೆ.

ಸಮ್ಮತಿ ಪತ್ರದ ಕೊನೆಯಲ್ಲಿ ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು ವಿಳಾಸ ಕೇಳುತ್ತಾರೆ. ಇಲ್ಲಿಗೆ ಬಂದಾಗ ಅನೇಕರು ಪೆನ್ನು ಕೆಳಗಿಡುತ್ತಾರೆ, ಸಾವನ್ನು ಮೊದಲೇ ಬರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡು. ಆ ಕಾಲಂ ಇರುವುದು ಪರಿಹಾರ ಯಾರಿಗೆ ಹೋಗಬೇಕೆಂದು ತಿಳಿಯಲಿಕ್ಕೆ. ಖಾಲಿ ಬಿಡಬೇಡಿ, ಆಧಾರ್‌ನಲ್ಲಿರುವಂತೆಯೇ ಹೆಸರು ಬರೆಯಿರಿ.

ಪ್ರತಿ ಪುಟದ ಅಡಿಯಲ್ಲಿ ಆವೃತ್ತಿ ಸಂಖ್ಯೆ, ತಾರೀಖು ಇರುತ್ತದೆ. ಎಥಿಕ್ಸ್ ಕಮಿಟಿ ಒಪ್ಪಿದ ಕನ್ನಡ ಆವೃತ್ತಿ ಅದೇನಾ ಎಂದು ಕೋಆರ್ಡಿನೇಟರ್‌ಗೆ ಕೇಳಿ, ತೋರಿಸಲು ಅವರಿಗೆ ಅಡ್ಡಿಯಿರಬಾರದು. ಸಹಿಯ ಪಕ್ಕದ ತಾರೀಖನ್ನು ದೊಡ್ಡಪ್ಪ ತಮ್ಮ ಕೈಯಾರೆ ಬರೆಯಬೇಕು. ಓದಲು ಬಾರದವರಾದರೆ ಆಸ್ಪತ್ರೆಗೆ ಸೇರದ ನಿಷ್ಪಕ್ಷಪಾತ ಸಾಕ್ಷಿ ಕಡ್ಡಾಯ. ಸಹಿಯಾದ ಪೂರ್ತಿ ಪ್ರತಿ ಪಡೆಯುವುದು ನಿಮ್ಮ ಹಕ್ಕು, ಕೊನೆಯ ಪುಟದ ಜೆರಾಕ್ಸ್ ಮಾತ್ರ ಕೊಟ್ಟರೆ ಒಪ್ಪಬೇಡಿ. ಹೊಸ ರಾಸಾಯನಿಕದ ಟ್ರಯಲ್‌ನಲ್ಲಿ ದುರ್ಬಲ ವರ್ಗದವರು ಸೇರುವಾಗ ವಿಡಿಯೊ ದಾಖಲೆ ಮಾಡಬೇಕು. ಕ್ಯಾಮೆರಾ ಇಟ್ಟರೆ ಹೆದರುವುದು ಬೇಡ, ಅದು ರೋಗಿಗೇ ರಕ್ಷಣೆ.

ಖರ್ಚಿನ ಪುಟ ಓದುವಾಗ “ಅಧ್ಯಯನದ ಔಷಧ ಉಚಿತ” ಎನ್ನುವ ಸಾಲಿಗೇ ನಿಲ್ಲಬೇಡಿ. ಎರಡನೇ ಗುಂಪಿಗೆ ಬಿದ್ದರೆ ಕಾರ್‌ಫಿಲ್ಜೊಮಿಬ್, ಬೋರ್ಟೆಜೊಮಿಬ್ ಯಾರು ಕೊಡುತ್ತಾರೆ? ಸೋಂಕು ತಡೆಯುವ ಅಸೈಕ್ಲೊವಿರ್ ಮಾತ್ರೆ, ಐವಿಐಜಿ (ರಕ್ತನಾಳದ ಮೂಲಕ ಕೊಡುವ ಪ್ರತಿಕಾಯಗಳು), ಆಸ್ಪತ್ರೆ ವಾಸ, ಪೆಟ್-ಸಿಟಿ ಸ್ಕ್ಯಾನ್? ಒಂದೊಂದಕ್ಕೂ ಹೌದು-ಇಲ್ಲ ಉತ್ತರ ಬೇಕು. ಇದರಲ್ಲಿ ಐವಿಐಜಿ ತಿಂಗಳು ತಿಂಗಳು ಬೇಕಾಗಬಹುದಾದ ದುಬಾರಿ ಔಷಧ. ಆರೋಗ್ಯ ವಿಮೆಯನ್ನು ನಂಬಿ ಕೂರಬೇಡಿ, ಸಾಬೀತಾಗದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲಿರುತ್ತದೆ. ಪ್ರಯಾಣ ಭತ್ಯೆಯ ಮೊತ್ತವನ್ನು ಎಥಿಕ್ಸ್ ಕಮಿಟಿ ಒಪ್ಪಿರುತ್ತದೆ, ಕೇಳಿದರೆ ಸಿಗುತ್ತದೆ, ಕೇಳದೆ ಬಿಟ್ಟವರೂ ಇದ್ದಾರೆ. ಜೊತೆಗೆ ರೈಲ್ವೆ ರಿಯಾಯಿತಿ: ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ, ಜೊತೆಗೊಬ್ಬರಿಗೆ ಶೇ 75. ಆಸ್ಪತ್ರೆಯ ಸಹಿ ಇರುವ ನಿಗದಿತ ಫಾರಂ ಬೇಕು. ಶಿವಮೊಗ್ಗ-ಬೆಂಗಳೂರು ಓಡಾಟಕ್ಕೆ ಇದು ದೊಡ್ಡ ಅನುಕೂಲ.

ಕಂಪನಿ ನಡೆಸುವ ಟ್ರಯಲ್‌ಗೆ ಸೇರಲು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೇ ಎದ್ದು ಬನ್ನಿ.

---

ವಾರ್ಡ್‌ಕಡೆಯಿಂದ:

ಬೈಸ್ಪೆಸಿಫಿಕ್ ಗುಂಪಿಗೆ ಬಂದರೆ ಮೊದಲೆರಡು ವಾರ ಹೇಗಿರುತ್ತದೆ ಎಂದು ಹೇಳುತ್ತೇನೆ. ಈ ವರ್ಗದಲ್ಲಿ ಈಗಾಗಲೇ ಬಳಕೆಗೆ ಬಂದಿರುವ ಟೆಕ್ಲಿಸ್ಟಮ್ಯಾಬ್ ಅನ್ನೇ ಮಾದರಿಗಿಟ್ಟುಕೊಳ್ಳಿ. ಕೆಜಿಗೆ 0.06 ಮಿ.ಗ್ರಾಂ, ಕೆಲವು ದಿನ ಬಿಟ್ಟು 0.3, ಮತ್ತೆ ಕೆಲವು ದಿನ ಬಿಟ್ಟು ಪೂರ್ತಿ ಡೋಸ್ 1.5. 60 ಕೆಜಿ ಮನುಷ್ಯನಿಗೆ 3.6, 18, 90 ಮಿ.ಗ್ರಾಂ. ಹೀಗೆ ಮೆಟ್ಟಿಲು ಹತ್ತಿಸುವುದು ಟಿ-ಕೋಶಗಳು ಒಮ್ಮೆಲೇ ಕೆರಳದಿರಲಿ ಎಂದು. ಪ್ರತಿ ಮೆಟ್ಟಿಲಿನ ನಂತರ 48 ಗಂಟೆ ಆಸ್ಪತ್ರೆಯಲ್ಲೇ. ಆ ಔಷಧದ ಮೊದಲ ದೊಡ್ಡ ಅಧ್ಯಯನದ 165 ರೋಗಿಗಳಲ್ಲಿ ಶೇ 63ರಷ್ಟು ಜನಕ್ಕೆ ಕಾಯಿಲೆ ಇಳಿಯಿತು. ಸೈಟೊಕೈನ್ ರಿಲೀಸ್ ಅಂದರೆ ಜ್ವರ, ನಡುಕ, ಬಿಪಿ ಇಳಿಯುವುದು ಶೇ 72 ಜನಕ್ಕೆ ಬಂತು, ಬಹುಪಾಲು ಹಗುರ. ಸೋಂಕು ಶೇ 76 ಜನಕ್ಕೆ. ಮನೆಯವರು ಮೊದಲ ವಾರದ ಜ್ವರಕ್ಕೆ ಹೆದರುತ್ತಾರೆ, ಅದಕ್ಕೆ ಟೊಸಿಲಿಜುಮ್ಯಾಬ್ ಎಂಬ ಔಷಧ ಇದೆ. ನಿಜವಾಗಿ ಎಚ್ಚರ ಬೇಕಿರುವುದು ಮೂರನೇ, ಆರನೇ ತಿಂಗಳಲ್ಲಿ ಸದ್ದಿಲ್ಲದೆ ಬರುವ ನ್ಯುಮೋನಿಯಾಗೆ. ಐಜಿಜಿ 400 ಮಿ.ಗ್ರಾಂ/ಡಿಎಲ್‌ಗಿಂತ ಇಳಿದರೆ ಐವಿಐಜಿ, ದಿನವೂ ಅಸೈಕ್ಲೊವಿರ್, ನಿಮೊಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕಿನ ತಡೆಗೆ ಕೋಟ್ರೈಮಾಕ್ಸಜೋಲ್. ಇವು ನಿಂತರೆ ತೊಂದರೆ ಖಚಿತ ಎಂದೇ ಇಟ್ಟುಕೊಳ್ಳಿ.

ಮೆದುಳಿನ ಮೇಲಿನ ಪರಿಣಾಮ ಹಿಡಿಯಲು ವಾರ್ಡಿನಲ್ಲಿ 10 ಅಂಕದ ಪರೀಕ್ಷೆ ಮಾಡುತ್ತಾರೆ: ವರ್ಷ, ತಿಂಗಳು, ಊರು, ಆಸ್ಪತ್ರೆ ಹೇಳಿದರೆ 4, ಮೂರು ವಸ್ತು ಗುರುತಿಸಿದರೆ 3, ಹೇಳಿದ್ದು ಮಾಡಿದರೆ 1, ಒಂದು ವಾಕ್ಯ ಬರೆದರೆ 1, 100ರಿಂದ ಹತ್ತತ್ತು ಕಳೆಯುತ್ತ ಬಂದರೆ 1. ದೊಡ್ಡಪ್ಪ ಕನ್ನಡದಲ್ಲಿ ಬರೆಯುವವರಾದರೆ ಮೊದಲ ಡೋಸ್‌ಗೆ ಮುಂಚೆಯೇ ಅವರ ಕೈಯಲ್ಲಿ ಒಂದು ಕನ್ನಡ ವಾಕ್ಯ ಬರೆಸಿ ಫೈಲಿಗೆ ಹಾಕಿಸಿ, ದಿನವೂ ಅದೇ ವಾಕ್ಯ. “ಇವತ್ತು ಬೆಳಿಗ್ಗೆ ನಾನು ತಿಂಡಿ ತಿಂದೆ” ಸಾಕು. ತೊಂದರೆ ಶುರುವಾದಾಗ ಕೈಬರಹ ಕೆಡುತ್ತದೆ: ‘ಬೆಳಿಗ್ಗೆ’ಯಲ್ಲಿ ಗ-ಒತ್ತು ಬಿಟ್ಟುಹೋಗಬಹುದು, ಸಾಲು ಓರೆಯಾಗಬಹುದು, ಅಕ್ಷರ ಕಿರಿದಾಗಬಹುದು. ಕನ್ನಡ ಬಾರದ ಸಿಸ್ಟರ್ ಕೂಡ ನಿನ್ನೆಯ ಹಾಳೆ ಪಕ್ಕಕ್ಕಿಟ್ಟರೆ ವ್ಯತ್ಯಾಸ ಕಾಣುತ್ತಾರೆ. ಇಂಗ್ಲಿಷ್ ವಾಕ್ಯ ಬರೆಸಿ, ಬರಲಿಲ್ಲ ಎಂದು ಅಂಕ ಕಳೆದರೆ ಅದು ರೋಗವಲ್ಲ, ಪರೀಕ್ಷೆಯ ತಪ್ಪು. ಬರೆಯಲು ಬಾರದವರಾದರೆ ಸಹಿಯನ್ನೇ ಆಧಾರವಾಗಿಡಲು ಹೇಳಿ.

ಮನೆಗೆ ಬಂದ ಮೇಲೆ 38 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬಾರದು, ಮೊದಲು ಕೋಆರ್ಡಿನೇಟರ್‌ಗೆ ಫೋನ್. ಟ್ರಯಲ್ ಕಾರ್ಡ್ ಸದಾ ಜೇಬಿನಲ್ಲಿರಲಿ, ಶಿವಮೊಗ್ಗದ ಎಮರ್ಜೆನ್ಸಿಯಲ್ಲಿ ಅದನ್ನೇ ಮೊದಲು ತೋರಿಸಿ.

ರಕ್ತ ಕೊಡಬೇಕಾಗಿ ಬಂದರೆ ಇನ್ನೊಂದು ಮಾತು. ಡಾರಾಟುಮುಮ್ಯಾಬ್ ಕೆಂಪು ರಕ್ತಕಣದ ಮೇಲೂ ಕೂರುತ್ತದೆ, ಹಾಗಾಗಿ ರಕ್ತದಲ್ಲಿ ಪ್ರತಿಕಾಯ ಹುಡುಕುವ ಇಂಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಪಾಸಿಟಿವ್ ಬಂದು ಕ್ರಾಸ್‌ಮ್ಯಾಚ್ (ದಾನಿಯ ರಕ್ತ ಹೊಂದುತ್ತದೆಯೇ ಎನ್ನುವ ಪರೀಕ್ಷೆ) ಆಗುವುದಿಲ್ಲ. ಔಷಧ ನಿಂತು 6 ತಿಂಗಳವರೆಗೂ ಹೀಗಾಗಬಹುದು. “ಡಾರಾ ತೆಗೆದುಕೊಂಡಿದ್ದಾರೆ” ಎಂದು ಬ್ಲಡ್ ಬ್ಯಾಂಕಿಗೆ ರಿಕ್ವೆಸ್ಟ್ ಫಾರಂನಲ್ಲೇ ಬರೆಸಿ. ಅವರಲ್ಲಿ ಡಿಟಿಟಿ ಎಂಬ ರಾಸಾಯನಿಕ ಹಾಕಿ ಪರೀಕ್ಷಿಸುವ ವಿಧಾನ ಇದೆ. ಬರೆಯದಿದ್ದರೆ ರಕ್ತ ಸಿಗದೆ ಅರ್ಧ ದಿನ ಹೋಗುತ್ತದೆ.

ಆಹಾರದಲ್ಲಿ ಕೆಲವು. ಅಮೃತಬಳ್ಳಿ ಕಷಾಯ ಪೂರ್ತಿ ನಿಲ್ಲಿಸಿ. ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ, ಲಿವರ್ ಎಂಜೈಮ್ ಏರಿದರೆ ಟ್ರಯಲ್ ಔಷಧವನ್ನೇ ತಡೆಹಿಡಿಯುತ್ತಾರೆ. ಗುಳಿಗೆ ರೂಪದ ಟ್ರಯಲ್ ಔಷಧವಿದ್ದರೆ ಚಕ್ಕೋತ ಹಣ್ಣು ಬೇಡ. ಗ್ರೇಪ್‌ಫ್ರೂಟ್ ಬೇಡ ಎಂದು ಸಮ್ಮತಿ ಪತ್ರದಲ್ಲಿ ಬರೆದಿರುತ್ತದೆ, ನಮ್ಮಲ್ಲಿ ಯಾರೂ ಅದನ್ನು ತಿನ್ನುವುದಿಲ್ಲ ಎಂದು ಮುಂದೆ ಹೋಗುತ್ತೇವೆ. ಚಕ್ಕೋತದಲ್ಲೂ ಅದೇ ಬಗೆಯ ಅಂಶವಿದ್ದು ಔಷಧದ ಮಟ್ಟ ಏರಿಸುತ್ತದೆ. ಧಾರೆಹುಳಿ, ಅಂದರೆ ಕಮರಾಕ್ಷಿ, ಕಿಡ್ನಿ ಸೋತವರಿಗೆ ವಿಷ, ಮೈಲೋಮಾದವರು ಯಾವತ್ತೂ ಮುಟ್ಟಬಾರದು.

---

ತುಂಗಾತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಡೆಕ್ಸಾ, ಡೈಕ್ಲೊಫೆನಾಕ್ ಎರಡೂ ಶುರು ಮಾಡಲಿಲ್ಲ. ಮೂರು ಪ್ರಶ್ನೆ ಉಳಿದಿವೆ. ಎರಡನೇ ಗುಂಪಿಗೆ ಬಿದ್ದರೆ ನಷ್ಟವೇ? ಬೇರೆ ಟ್ರಯಲ್ ಇದೆಯಾ ಎಂದು ನಾವೇ ಹುಡುಕುವುದು ಹೇಗೆ, ಕಾರ್-ಟಿ (ರೋಗಿಯ ಟಿ-ಕೋಶಗಳನ್ನೇ ತೆಗೆದು, ಕ್ಯಾನ್ಸರ್ ಹಿಡಿಯುವಂತೆ ಬದಲಿಸಿ ಮತ್ತೆ ಕೊಡುವ ಚಿಕಿತ್ಸೆ) ಸಿಗುತ್ತದೆ ಎನ್ನುತ್ತಾರಲ್ಲ? 24 ಗಂಟೆ ಮೂತ್ರ ಸಂಗ್ರಹ ಮಾಡಿ ತನ್ನಿ ಎಂದಿದ್ದಾರೆ, ಹೇಗೆ?

---

ಕೆಂಪುಕಣ:

ನಷ್ಟವೋ ಅಲ್ಲವೋ ಎನ್ನುವುದು ಆ ಗುಂಪಿನಲ್ಲಿ ಯಾವ ಔಷಧ ಎನ್ನುವುದರ ಮೇಲಿದೆ. ಪಿವಿಡಿ ಅಂದರೆ ಪೊಮಲಿಡೊಮೈಡ್, ಬೋರ್ಟೆಜೊಮಿಬ್, ಡೆಕ್ಸಾ. ಪೊಮಲಿಡೊಮೈಡ್ ಇವರಿಗೆ ಈಗ ತಾನೇ ಸೋತಿದೆ, ಹಾಗಾಗಿ ಅಲ್ಲಿ ಕೆಲಸ ಮಾಡುವುದು ಬೋರ್ಟೆಜೊಮಿಬ್ ಒಂದೇ ಎನ್ನಬೇಕು. ಕೆಡಿಯ ಕಾರ್‌ಫಿಲ್ಜೊಮಿಬ್ ಇವರಿಗೆ ಹೊಸದು, ಎಕೋ (ಹೃದಯದ ಸ್ಕ್ಯಾನ್) ಸರಿಯಿದ್ದು ಬಿಪಿ ಹತೋಟಿಯಲ್ಲಿದ್ದರೆ ಇದೇ ಮೇಲು. ಇಂಥ ಟ್ರಯಲ್‌ನಲ್ಲಿ ಎರಡರಲ್ಲಿ ಯಾವುದು ಎಂದು ವೈದ್ಯರು ಚೀಟಿ ಎತ್ತುವ ಮೊದಲೇ ನಮೂದಿಸಬೇಕು. “ಕೆಡಿ ಎಂದು ಬರೆಯುತ್ತೀರಾ?” ಎಂದು ರ‍್ಯಾಂಡಮೈಸೇಶನ್‌ಗೆ (ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿದಂತೆ ಆರಿಸುವುದು) ಮುಂಚೆ ಕೇಳಿ. ಕಾಯಿಲೆ ಏರಿದರೆ ಮೊದಲ ಗುಂಪಿನ ಔಷಧಕ್ಕೆ ದಾಟಲು ಬಿಡುತ್ತಾರಾ ಎಂದೂ ಕೇಳಿ, ಎಲ್ಲ ಟ್ರಯಲ್‌ಗಳಲ್ಲೂ ಬಿಡುವುದಿಲ್ಲ.

ಹೊಸದು ಯಾವಾಗಲೂ ಮೇಲು ಎಂದುಕೊಳ್ಳಬೇಡಿ. ವೆನೆಟೊಕ್ಲಾಕ್ಸ್‌ನ ಬೆಲ್ಲಿನಿ ಟ್ರಯಲ್‌ನಲ್ಲಿ ಬೋರ್ಟೆಜೊಮಿಬ್, ಡೆಕ್ಸಾ ಜೊತೆ ಅದನ್ನು ಸೇರಿಸಿದಾಗ ಕಾಯಿಲೆ ಏರದೆ ಉಳಿದ ಕಾಲ ಹೆಚ್ಚಾಯಿತು, ಆದರೆ ಸಾವೂ ಹೆಚ್ಚಾಯಿತು. 2019ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ತಡೆ ಹಾಕಿತು. ಲಾಭ ಕಂಡದ್ದು ಮುಖ್ಯವಾಗಿ 11;14 ಟ್ರಾನ್ಸ್‌ಲೊಕೇಶನ್ (ಕ್ಯಾನ್ಸರ್ ಕೋಶದಲ್ಲಿ 11 ಮತ್ತು 14ನೇ ವರ್ಣತಂತುಗಳ ತುಂಡು ಅದಲುಬದಲಾಗಿರುವುದು) ಇದ್ದವರಲ್ಲಿ. ಪೆಂಬ್ರೊಲಿಜುಮ್ಯಾಬ್ ಸೇರಿಸಿದ ಎರಡು ಮೈಲೋಮಾ ಟ್ರಯಲ್‌ಗಳೂ 2017ರ ಜುಲೈನಲ್ಲಿ ಇದೇ ಕಾರಣಕ್ಕೆ ನಿಂತವು. ಆ ಎರಡೂ ಸಲ ಹಳೆಯ ಔಷಧದ ಗುಂಪಿನಲ್ಲಿದ್ದವರೇ ಸುರಕ್ಷಿತವಾಗಿದ್ದರು. ಎರಡನೇ ಗುಂಪು ಇಲ್ಲದಿದ್ದರೆ ಈ ಅಪಾಯ ಇಷ್ಟು ಬೇಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹುಡುಕಲು ಸಿಟಿಆರ್‌ಐ, ಅಂದರೆ ಐಸಿಎಂಆರ್ ನಡೆಸುವ ದೇಶದ ಟ್ರಯಲ್ ನೋಂದಣಿ. 2007ರಲ್ಲಿ ಶುರುವಾಗಿ 2009ರ ಜೂನ್ 15ರಿಂದ ಕಡ್ಡಾಯ. ಬರೀ “ಮೈಲೋಮಾ” ಎಂದು ಇಂಗ್ಲಿಷ್‌ನಲ್ಲಿ ಹಾಕಿ. ತೆರೆದ ದಾಖಲೆಯಲ್ಲಿ ನಾಲ್ಕು ಕಡೆ ಕಣ್ಣಾಡಿಸಿ: ಭಾರತದಲ್ಲಿ ಭರ್ತಿಯ ಸ್ಥಿತಿ, ಔಷಧ ನಿಯಂತ್ರಕರ ಅನುಮತಿ, ಬೆಂಗಳೂರಿನ ಕೇಂದ್ರಗಳು, ಆಯಾ ಕೇಂದ್ರದ ಎಥಿಕ್ಸ್ ಕಮಿಟಿ ಒಪ್ಪಿದೆಯೋ ಇನ್ನೂ ಸಲ್ಲಿಕೆಯಾಗಿದೆಯೋ. ಭರ್ತಿ ತೆರೆದಿದೆ ಎಂದು ಕಂಡರೂ ಕೊನೆಯ ಬದಲಾವಣೆ ಹಳೆಯದಾಗಿದ್ದರೆ ಮುಗಿದಿರಬಹುದು, ಅಲ್ಲೇ ಕೊಟ್ಟಿರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಕಾರ್-ಟಿ ಬಗ್ಗೆ ಗೊಂದಲ ಬಹಳ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಿಂದ ಬಂದ, 2023ರ ಅಕ್ಟೋಬರ್‌ನಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ಹುಡುಕುವುದು ಕೋಶದ ಮೇಲ್ಮೈಯಲ್ಲಿರುವ ಸಿಡಿ19 ಎಂಬ ಗುರುತನ್ನು. ಅದು ಬಿ-ಕೋಶದ ಲಿಂಫೋಮಾ, ಲುಕೇಮಿಯಾಗಳಿಗೆ. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ತಂದದ್ದೂ ಸಿಡಿ19 ಜಾತಿಯದೇ. ಮೈಲೋಮಾ ಕೋಶದಲ್ಲಿ ಹಿಡಿಯಬೇಕಾದ ಗುರುತು ಬಿಸಿಎಂಎ. ಪತ್ರಿಕೆಯ ಸುದ್ದಿ ಹಿಡಿದುಕೊಂಡು ಆ ಔಷಧ ಕೊಡಿ ಎಂದು ಅಲೆಯಬೇಡಿ. ಇನ್ನೊಂದು, ಈಗಿನ ಟ್ರಯಲ್ ಔಷಧವೂ ಬಿಸಿಎಂಎ ಹಿಡಿಯುವುದಾದರೆ ಮುಂದೆ ಬಿಸಿಎಂಎ ಕಾರ್-ಟಿ ಟ್ರಯಲ್‌ಗಳು ಇವರನ್ನು ಹೊರಗಿಡಬಹುದು. ಯಾವ ಗುರುತು ಎಂದು ಸಹಿಗೆ ಮುಂಚೆ ತಿಳಿದುಕೊಳ್ಳಿ.

---

ಪ್ಲಾಸ್ಮಾಸೆಲ್:

ಮೂತ್ರ ಸಂಗ್ರಹ: ಬೆಳಿಗ್ಗೆ 6ಕ್ಕೆ ಎದ್ದು ಮೊದಲ ಮೂತ್ರವನ್ನು ಚೆಲ್ಲಿಬಿಡಿ, ಗಂಟೆ ಬರೆದುಕೊಳ್ಳಿ. ಅಲ್ಲಿಂದ ಮುಂದೆ ಪ್ರತಿ ಹನಿಯೂ ಕ್ಯಾನಿಗೆ, ಮಲವಿಸರ್ಜನೆ ಹೊತ್ತಿನದೂ ಸೇರಿ. ಜನ ಮರೆಯುವುದು ಅದನ್ನೇ. ಮರುದಿನ 6ಕ್ಕೆ ಎದ್ದು ಮಾಡುವ ಮೊದಲ ಮೂತ್ರವನ್ನು ಕ್ಯಾನಿಗೇ ಹಾಕಿ ಮುಗಿಸಿ. ಮೊದಲ ದಿನದ್ದೂ ಹಾಕಿದರೆ 24ರ ಬದಲು 30 ಗಂಟೆಯದಾಗುತ್ತದೆ, ಮಧ್ಯೆ ಒಂದು ಸಲ ಬಿಟ್ಟರೆ ಲೆಕ್ಕ ಕೆಳಗೆ ಬೀಳುತ್ತದೆ. 200 ಮಿ.ಗ್ರಾಂ ಗೆರೆಯ ಹತ್ತಿರ ಇರುವವರಿಗೆ ಅಷ್ಟರಲ್ಲೇ ಅರ್ಹತೆ ಹೋಗಬಹುದು. ಮೈಲೋಮಾದವರು ನೀರು ಜಾಸ್ತಿ ಕುಡಿಯುತ್ತಾರೆ, 3 ಲೀಟರ್ ಕ್ಯಾನ್ ಒಂದು ಸಾಲದೆ ಹೋಗಬಹುದು, ಎರಡು ಕೇಳಿ ಪಡೆಯಿರಿ. ಫ್ರಿಜ್‌ನಲ್ಲಿ ಅಥವಾ ಐಸ್ ಡಬ್ಬಿಯಲ್ಲಿಡಿ. ಬೆಂಗಳೂರಿಗೆ ಹೋದ ಮೇಲೆ ಲಾಡ್ಜ್‌ನಲ್ಲಿ ಮಾಡಿಸಿ ಕೊಡುವುದು ಮೇಲು, ಬಸ್ಸಿನಲ್ಲಿ ಹೊತ್ತೊಯ್ದು ಚೆಲ್ಲಿದರೆ ಮತ್ತೆ ಒಂದು ದಿನ.

ಮಜ್ಜೆ ಪರೀಕ್ಷೆಯ ದಿನ “ಎಂಆರ್‌ಡಿ ಮಾದರಿ ಮೊದಲ ಎಳೆತದಿಂದ ತೆಗೆಯುತ್ತೀರಾ” ಎಂದು ಕೇಳಿ (ಎಂಆರ್‌ಡಿ ಅಂದರೆ ಚಿಕಿತ್ಸೆಯ ನಂತರವೂ ಉಳಿದಿರುವ ಅತಿ ಕಡಿಮೆ ಕಾಯಿಲೆ). ಎರಡನೇ, ಮೂರನೇ ಸಿರಿಂಜಿಗೆ ರಕ್ತ ಬೆರೆತು ಮಜ್ಜೆ ತೆಳುವಾಗಿರುತ್ತದೆ, ಕಾಯಿಲೆ ಇದ್ದರೂ ಇಲ್ಲದಂತೆ ಕಾಣಬಹುದು. ಲೈಟ್ ಚೈನ್ ಪರೀಕ್ಷೆ ಕೊನೆಯವರೆಗೂ ಒಂದೇ ಲ್ಯಾಬ್‌ನಲ್ಲಿ, ಒಂದೇ ಕಿಟ್‌ನಲ್ಲಿ. ಎರಡು ಕಂಪನಿಗಳ ಕಿಟ್ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲಾಗದು.

---

ಸಮ್ಮತಿಪತ್ರ:

ಒಂದು ಬಿಟ್ಟುಹೋಗಿತ್ತು. ಯಾವ ದಿನ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಅದರಿಂದ ಆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಬಾರದು. ಆದರೆ “ಔಷಧ ಮಾತ್ರ ಬೇಡ, ತಪಾಸಣೆ ಮುಂದುವರಿಯಲಿ” ಎನ್ನುವುದು ಬೇರೆ, “ಯಾವುದೂ ಬೇಡ” ಎನ್ನುವುದು ಬೇರೆ. ಬಿಡುವ ಸಂದರ್ಭ ಬಂದರೆ ಮೊದಲನೆಯದನ್ನೇ ಬರೆದುಕೊಡಿ, ಆ ಔಷಧದ ಸೋಂಕಿನ ಅಪಾಯ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಇರುತ್ತದೆ.

ಟ್ರಯಲ್ ಮುಗಿದ ಮೇಲೆ ಔಷಧ ಕೆಲಸ ಮಾಡುತ್ತಲೇ ಇದ್ದರೆ ಏನು ಎಂದೂ ಕೇಳಿ. ನಿಯಮ 27ರಂತೆ ಬೇರೆ ಚಿಕಿತ್ಸೆ ಇಲ್ಲದ ಕಾಯಿಲೆಯಲ್ಲಿ, ವೈದ್ಯರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ, ಪ್ರಾಯೋಜಕರು ಉಚಿತವಾಗಿ ಮುಂದುವರಿಸಬೇಕು. ಆದರೆ ಮೈಲೋಮಾಗೆ ಬೇರೆ ಔಷಧಗಳಿವೆ ಎಂದು ಅವರು ವಾದಿಸಲು ಅಲ್ಲಿ ಎಡೆಯಿದೆ. ಅದಕ್ಕೇ ಬಾಯಿಮಾತಿನ ಭರವಸೆ ಸಾಲದು, ಸಮ್ಮತಿ ಪತ್ರದಲ್ಲಿ “ಅಧ್ಯಯನ ಮುಗಿದ ನಂತರ” ಎನ್ನುವ ಭಾಗ ಹುಡುಕಿ, ಅಲ್ಲಿ ಏನು ಬರೆದಿದೆಯೋ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.